ಕಡ್ಡಿ ಉಜ್ಜಿ ಬೆಂಕಿ: ಎರಡು ಸಿನಿಮಾ, ಒಂದು ಪುಸ್ತಕ, ಒಂದು ಮಾತಿಲ್ಲದ ಚಾನೆಲ್

ಜನವರಿಯ ಒಂದು ಭಾನುವಾರ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಗಂಟೆ ಕಡ್ಡಿ ಉಜ್ಜಿದೆ. ಬೆಂಕಿ ಬರಲಿಲ್ಲ, ಅಂಗೈಯಲ್ಲಿ ಎರಡು ಬೊಕ್ಕೆ ಬಂತು. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ, "ಲೈಟರ್ ಇಲ್ಲಿ ಉಂಟು ಮಾರಾಯ, ಬೇಕಾದ್ರೆ ತೆಗೊ" ಅಂದರು.

ಹಿಂದಿನ ರಾತ್ರಿ 'ಕಾಸ್ಟ್ ಅವೇ' ನೋಡಿದ್ದೆ. ಎಲ್ಲ ಅದರಿಂದ ಶುರುವಾದದ್ದು. ಅಮ್ಮನ ಮಾತಿಗೆ ಹಟ ಬಂತು. ಅಲ್ಲಿಂದ ಆಗಸ್ಟ್‌ವರೆಗೆ ನಾಲ್ಕು ಗುರುಗಳ ಹಿಂದೆ ಬಿದ್ದೆ: ಎರಡು ಸಿನಿಮಾ, ಒಂದು ಪುಸ್ತಕ, ಒಂದು ಯೂಟ್ಯೂಬ್ ಚಾನೆಲ್. ನಮ್ಮ ಮನೆ ಮಂಗಳೂರಿನಿಂದ ಸ್ವಲ್ಪ ಹೊರಗೆ, ಗುರುಪುರದ ಕಡೆ. ನಾಲ್ಕು ತೆಂಗು, ಸ್ವಲ್ಪ ಅಡಿಕೆ, ಕೆಳಗೆ ಹಡಿಲು ಬಿದ್ದ ಗದ್ದೆ. ಪ್ರಯೋಗ ಎಲ್ಲ ಅಲ್ಲೇ. ಕುದುರೆಮುಖಕ್ಕೆ ಹೋಗಿ ಮಾಡಬಹುದಿತ್ತಲ್ಲ ಅಂತ ಒಬ್ಬ ಗೆಳೆಯ ಕೇಳಿದ. ಅದು ರಾಷ್ಟ್ರೀಯ ಉದ್ಯಾನ, ಅಲ್ಲಿ ಬೆಂಕಿ ಹಾಕಿದರೆ ಕೇಸು. ಬೇಸಿಗೆಯಲ್ಲಿ ಆ ಗುಡ್ಡದ ಹುಲ್ಲಿಗೆ ಒಂದು ಕಿಡಿ ಸಾಕು, ಬೇಡವೇ ಬೇಡ.

ಟಿವಿ ಆಫ್ ಮಾಡಿದ ಮೇಲೆ, ಪುಸ್ತಕ ಮುಚ್ಚಿದ ಮೇಲೆ ನನ್ನ ಕೈಗೆ ಏನು ಬಂತು, ಅಷ್ಟೇ ನೋಡಿದೆ.

'ಕಾಸ್ಟ್ ಅವೇ' 2000ದ ಚಿತ್ರ, ನಿರ್ದೇಶಕ ರಾಬರ್ಟ್ ಜೆಮೆಕಿಸ್. ವಿಮಾನ ಬಿದ್ದು ದ್ವೀಪದಲ್ಲಿ ಒಬ್ಬನೇ ಉಳಿದವನಾಗಿ ಟಾಮ್ ಹ್ಯಾಂಕ್ಸ್. ಬಡಕಲಾಗಿ ಕಾಣಬೇಕು ಅಂತ ಹ್ಯಾಂಕ್ಸ್ ತೂಕ ಇಳಿಸುವವರೆಗೆ ಚಿತ್ರೀಕರಣವನ್ನೇ ಸುಮಾರು ಒಂದು ವರ್ಷ ನಿಲ್ಲಿಸಿದ್ದರು. ದ್ವೀಪದ ಭಾಗದಲ್ಲಿ ಹಿನ್ನೆಲೆ ಸಂಗೀತ ಇಲ್ಲ, ಗಾಳಿ ಮತ್ತು ಅಲೆ ಮಾತ್ರ. ಹಾಗಾಗಿ ಕಟ್ಟಿಗೆ ಕಟ್ಟಿಗೆಗೆ ಉಜ್ಜುವ ಶಬ್ದ ಸರಿಯಾಗಿ ಕೇಳುತ್ತದೆ. ಇದು ಸಣ್ಣ ವಿಷಯ ಅಂತ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೆಲಸ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಅಂತ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಅವನು ತೆಂಗಿನಕಾಯಿ ಒಡೆಯುವ ದೃಶ್ಯಕ್ಕೆ ಮನೆಯವರೆಲ್ಲ ನಕ್ಕರು. ಬಂಡೆಗೆ ಎಸೆಯುತ್ತಾನೆ, ಕಲ್ಲಿನಿಂದ ಜಜ್ಜುತ್ತಾನೆ, ಇದ್ದ ನೀರೂ ಚೆಲ್ಲಿ ಹೋಗುತ್ತದೆ. "ಒಂದು ಗೂಟ ನೆಟ್ಟು ಸುಲಿದ್ರೆ ಆಯ್ತಲ್ಲ ಇವನಿಗೆ" ಅಂದರು ಮಾವ. ಗೂಟಕ್ಕೆ ಚೂಪು ಬರಬೇಕಾದರೆ ಮೊದಲು ಕತ್ತಿ ಬೇಕು, ಅವನ ಹತ್ತಿರ ಕತ್ತಿ ಎಲ್ಲಿತ್ತು? ನಾನೂ ಒಂದು ದಿನ ಕತ್ತಿ ಮುಟ್ಟದೆ ಕರಿಗಲ್ಲಿನ ಚೂರು ಹಿಡಿದು ಒಂದು ಕಾಯಿ ಸುಲಿಯಲು ಕೂತೆ. ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ತೆಗೆದುಕೊಂಡ ಮುರಕಲ್ಲು ಕೈಯಲ್ಲೇ ಉದುರಿ ಹೋಗಿತ್ತು.

ಬೆಂಕಿಗೆ ಅವನು ಬಳಸುವುದು ಉಳುವ ಹಾಗಿನ ಕ್ರಮ. ಕೆಳಗೆ ಒಂದು ತುಂಡು, ಅದರ ಮೇಲೆ ಕೋಲನ್ನು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಉಜ್ಜುವುದು. ಕೈ ಕೊಯ್ದುಕೊಳ್ಳುತ್ತಾನೆ, ಸಿಟ್ಟು ಮಾಡುತ್ತಾನೆ. ಕೊನೆಗೆ ಸೀಳು ಬಿಟ್ಟ ಕಟ್ಟಿಗೆಯಲ್ಲಿ ಗಾಳಿ ಆಡಿದಾಗ ಬೆಂಕಿ ಬರುತ್ತದೆ. ಗಾಳಿಯ ಈ ಪಾಠ ನೂರಕ್ಕೆ ನೂರು ನಿಜ. ಆದರೆ ಯಾವ ಮರ, ಎಷ್ಟು ಒಣಗಿರಬೇಕು, ಎಷ್ಟು ಒತ್ತಬೇಕು, ಒಂದನ್ನೂ ಸಿನಿಮಾ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ ಬಿಡಿ, ಅದು ಕತೆ. ನಾನು ಹಲಸಿನ ತುಂಡಿನ ಮೇಲೆ ಮಾವಿನ ಕೋಲು ಉಜ್ಜುತ್ತಿದ್ದೆ. ಎರಡು ಗಂಟೆಯಲ್ಲಿ ಹಲಸಿಗೆ ಒಳ್ಳೆ ಪಾಲಿಶ್ ಬಂತು.

ಮುಂದಿನ ಗುರು ಜಾನ್ ವೈಸ್‌ಮನ್ ಬರೆದ 'ಎಸ್‌ಎಎಸ್ ಸರ್ವೈವಲ್ ಹ್ಯಾಂಡ್‌ಬುಕ್'. ಮೊದಲು ಬಂದದ್ದು 1986ರಲ್ಲಿ. ವೈಸ್‌ಮನ್ ಬ್ರಿಟಿಷ್ ಸೇನೆಯ ಎಸ್‌ಎಎಸ್ ಪಡೆಯಲ್ಲಿ 26 ವರ್ಷ ಇದ್ದವರು. ಹಿಮ, ಮರಳುಗಾಡು, ಸಮುದ್ರ, ಮಳೆಕಾಡು ಎಲ್ಲದಕ್ಕೂ ಇದರಲ್ಲಿ ಜಾಗ ಇದೆ. ನನಗೆ ಸಿಕ್ಕಿದ್ದು ಹಂಪನಕಟ್ಟೆಯಲ್ಲಿ, ಜೇಬಿಗೆ ಹಿಡಿಸುವ ಸಣ್ಣ ಪ್ರತಿ, ಹಳೇದು.

ಸಿನಿಮಾದ ಉಲ್ಟಾ ಇದು. ಭಾಗಗಳ ಹೆಸರು, ಚಿತ್ರ, ಕ್ರಮ, ಎಲ್ಲ ಉಂಟು, ಎಲ್ಲವೂ ಚುಟುಕು. ಬಿಲ್ಲಿನ ಹಗ್ಗವನ್ನು ಕೋಲಿಗೆ ಒಂದು ಸುತ್ತು ಸುತ್ತಿ ಗರಗರ ತಿರುಗಿಸುವುದು. ಕೆಳಗೆ ಹಲಗೆ, ಮೇಲೆ ಕೋಲನ್ನು ಒತ್ತಿ ಹಿಡಿಯಲು ಕುಳಿ ಇರುವ ಒಂದು ತುಂಡು. ಓದುತ್ತಾ ಇದ್ದ ಹಾಗೆ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಉಡುಪಿಯಲ್ಲಿ ಒಂದು ಯಾಗದಲ್ಲಿ ನೋಡಿದ, ಬೆಂಕಿ ಕಡೆಯುವ ಅರಣಿ! ಬಿಲ್ಲು ಇಲ್ಲ, ಹಗ್ಗವನ್ನು ಮೊಸರು ಕಡೆದ ಹಾಗೆ ಎಳೆಯುತ್ತಾರೆ, ಒಬ್ಬರು ಮೇಲಿನಿಂದ ಒತ್ತಿ ಹಿಡಿಯುತ್ತಾರೆ. ಉಳಿದದ್ದೆಲ್ಲ ಅದೇ. ಪರಿಚಯದ ಭಟ್ರೊಬ್ಬರನ್ನು ಹಿಡಿದು ಕೇಳಿದೆ. "ಅಶ್ವತ್ಥದ ಮರ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲೇ ಇಡುವುದು, ಇಲ್ಲದಿದ್ರೆ ದೇವರೇ ಗತಿ" ಅಂದರು.

ಒಣಗಿದ ಕಟ್ಟಿಗೆ ತೆಗೆದುಕೊಳ್ಳಿ ಅಂತ ಪುಸ್ತಕವೂ ಹೇಳುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಒಣಕಟ್ಟಿಗೆ ಅಂದರೆ ಒಣಗಿದ ಹಾಗೆ ಕಾಣುವ ಕಟ್ಟಿಗೆ, ಅಷ್ಟೇ. ಗಾಳಿಯಲ್ಲೇ ನೀರುಂಟು. ಅಂದೇ ನನ್ನ ಸಾಮಾನನ್ನೆಲ್ಲ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಹಾಕಿದೆ.

ಊಟದ ವಿಷಯದಲ್ಲಿ ಈ ಪುಸ್ತಕದ ಜೊತೆ ನನಗೆ ಜಗಳ ಇದೆ. ಗೊತ್ತಿಲ್ಲದ ಗಿಡ ತಿನ್ನಬಹುದೇ ಅಂತ ನೋಡಲು ಒಂದು ಪರೀಕ್ಷೆ ಕೊಟ್ಟಿದ್ದಾರೆ. ಮೊದಲು ಚರ್ಮಕ್ಕೆ ಉಜ್ಜಿ ನೋಡು, ಆಮೇಲೆ ತುಟಿಗೆ, ಆಮೇಲೆ ನಾಲಗೆಗೆ, ತುರಿಸಿದರೆ ಬಿಸಾಡು. ಏನೂ ಆಗದಿದ್ದರೆ ಚೂರು ನುಂಗಿ ಗಂಟೆಗಟ್ಟಲೆ ಕಾಯಿ. ಅಣಬೆಗೆ ಈ ಪರೀಕ್ಷೆ ಮಾಡಲೇಬೇಡಿ. ಸರಿ, ಗೊತ್ತಿರುವ ಗಿಡದಲ್ಲೇ ನೋಡೋಣ ಅಂತ ಹಿತ್ತಲಿನ ಕೆಸುವಿನ ಎಲೆಯನ್ನು ತುಟಿಗೆ ಉಜ್ಜಿದೆ. ಸಂಜೆವರೆಗೆ ತುರಿಕೆ. ಪುಸ್ತಕದ ಲೆಕ್ಕದಲ್ಲಿ ಕೆಸು ಫೇಲ್. ಆದರೆ ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಇದೇ ಎಲೆಯ ಪತ್ರೊಡೆ ಮಾಡದ ಮನೆ ಉಂಟಾ? ತುರಿಸುವುದು ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತೊಂದರೆ ಇಲ್ಲ. ಕಣಿಲೆಯೂ (ಎಳೆ ಬಿದಿರು) ಹಾಗೇ, ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಹಾಕಿದ ಮೇಲೆ ಪಲ್ಯಕ್ಕೆ ಬರುತ್ತದೆ. ಊರಿಗೆ ಹೊಸಬನಾದರೆ ಈ ಪುಸ್ತಕ ಜೀವ ಉಳಿಸುತ್ತದೆ, ಆದರೆ ಪತ್ರೊಡೆಯ ಪಕ್ಕದಲ್ಲೇ ಉಪವಾಸ ಕೂರಿಸುತ್ತದೆ.

ಪುಸ್ತಕದ ಪರವಾಗಿಯೂ ಒಂದು ಮಾತು, ಅಷ್ಟು ಎಚ್ಚರ ಸುಮ್ಮನೆ ಅಲ್ಲ. ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಪಾಲೆ ಮರದ ತೊಗಟೆ ತಂದು ಕಷಾಯ ಮಾಡುತ್ತೇವೆ. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಲ್ಲಿ ಜಜ್ಜಿಯೇ ತೆಗೆಯಬೇಕು. ಶಿಲಾಯುಗವನ್ನು ಯೂಟ್ಯೂಬಿನಲ್ಲಿ ಹುಡುಕುತ್ತಾ ಇದ್ದೆ, ಅದು ವರ್ಷಕ್ಕೊಮ್ಮೆ ನಮ್ಮ ಮನೆಗೇ ಬರುತ್ತಿತ್ತು. ಆದರೆ ಕತ್ತಲಲ್ಲಿ ಮರ ತಪ್ಪಿದರೆ ಮುಗಿಯಿತು. ಕಾಸರಕದ ತೊಗಟೆಯಲ್ಲಿ ಇರುವುದು ಸ್ಟ್ರಿಕ್ನಿನ್, ಕಡು ವಿಷ. ಅದಕ್ಕೇ ಮಾವ ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಗುರುತು ಮಾಡಿ ಬರುತ್ತಾರೆ.

ಈಗ ನನ್ನ ನಿಜವಾದ ಗುರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗದ ಜಾನ್ ಪ್ಲಾಂಟ್, ಚಾನೆಲ್ 'ಪ್ರಿಮಿಟಿವ್ ಟೆಕ್ನಾಲಜಿ'. 2015ರಲ್ಲಿ ಶುರುವಾದದ್ದು. ಒಂದು ಚಡ್ಡಿ, ಎರಡು ಕೈ. ಮಾತಿಲ್ಲ, ಸಂಗೀತ ಇಲ್ಲ, ಲೈಕ್ ಮಾಡಿ ಅನ್ನುವುದೂ ಇಲ್ಲ. ಸಬ್‌ಟೈಟಲ್ ಆನ್ ಮಾಡಿದರೆ ಏನು ಮಾಡುತ್ತಿದ್ದಾರೆ, ಯಾಕೆ ಅಂತ ವಿವರಣೆ ಬರುತ್ತದೆ. ಇದು ನನಗೆ ಗೊತ್ತಾದದ್ದು ಒಂದು ತಿಂಗಳು ಸುಮ್ನೆ ಬಾಯಿ ಬಿಟ್ಟು ನೋಡಿದ ಮೇಲೆ. 2019ರಲ್ಲಿ ಇದೇ ಹೆಸರಿನ ಪುಸ್ತಕವೂ ಬಂತು. ಚಾನೆಲ್ ನೋಡಿದ ಮೇಲೆ ಅಳತೆ ತಿಳಿಯಲು ಅದು ಒಳ್ಳೆಯದು. ಅದೊಂದನ್ನೇ ಓದಿ ಯಾರೂ ಬೆಂಕಿ ಮಾಡಲಾರರು ಅಂತ ನನ್ನ ಅಭಿಪ್ರಾಯ. ಕೈಯ ಲಯ ಅಚ್ಚಿಗೆ ಬರುವುದಿಲ್ಲ.

ಪ್ಲಾಂಟ್ ಬಿಲ್ಲಿಲ್ಲದೆ, ಬರೀ ಎರಡು ಅಂಗೈಯ ನಡುವೆ ಕೋಲು ತಿರುಗಿಸುತ್ತಾರೆ. ನನ್ನ ಅಂಗೈಗೆ ಅದು ಆಗಲಿಲ್ಲ. ಲಯ ಅವರದ್ದು, ಬಿಲ್ಲು ವೈಸ್‌ಮನ್ ಪುಸ್ತಕದ್ದು ಅಂತ ಮಾಡಿಕೊಂಡೆ. ಮೊದಲು ನಿಧಾನ. ಹೊಗೆ ಬಂದ ಮೇಲೆ ಜೋರು, ನಿಲ್ಲಿಸುವ ಹಾಗೇ ಇಲ್ಲ. ನಾನು ಮಾಡುತ್ತಿದ್ದ ತಪ್ಪು ಅಲ್ಲೇ ಇತ್ತು. ಹೊಗೆ ಬಂದ ಕೂಡಲೇ ಖುಷಿಯಲ್ಲಿ ನಿಲ್ಲಿಸಿ ಊದುತ್ತಿದ್ದೆ. ಕೆಳಗಿನ ಹಲಗೆಯ ಕುಳಿಯ ಬದಿಗೆ ಒಂದು ಕಚ್ಚು ಕೊಯ್ಯಬೇಕು, ಉಜ್ಜಿದ ಪುಡಿ ಅಲ್ಲಿ ಬಂದು ರಾಶಿ ಬೀಳಬೇಕು. ಪುಡಿ ಕಂದು ಬಣ್ಣವಾದರೆ ಬಿಸಿ ಸಾಲದು, ಕಪ್ಪಾಗಬೇಕು. ಕೋಲು ತೆಗೆದ ಮೇಲೂ ಪುಡಿಯೇ ಹೊಗೆಯಾಡಿದರೆ ಕೆಂಡ ಹುಟ್ಟಿತು ಅಂತ ಲೆಕ್ಕ. ಕಚ್ಚಿನಲ್ಲಿ ಗಾಳಿ ಆಡುತ್ತದೆ, 'ಕಾಸ್ಟ್ ಅವೇ' ಪಾಠ ಇಲ್ಲಿ ನೆನಪಾಯಿತು.

ಹಲಸು, ಮಾವು ಬಿಟ್ಟೆ. ಹಳೆ ದಾಸವಾಳದ ಒಣ ಕೊಂಬೆ ಹಿಡಿದೆ. ಹಗುರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಮೇಲೆ ಒತ್ತಲು ತೆಂಗಿನ ಗೆರಟೆಯ ತುಂಡು, ಅದರೊಳಗೆ ಒಂದು ಹನಿ ತೆಂಗಿನೆಣ್ಣೆ. ಕೆಂಡಕ್ಕೆ ಹಾಸಿಗೆಯಾಗಿ ಚೆನ್ನಾಗಿ ಬಿಡಿಸಿದ ತೆಂಗಿನ ನಾರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹದಿನೇಳನೇ ಸಲಕ್ಕೆ, ಕಪ್ಪು ಪುಡಿಯ ಒಳಗೆ ಒಂದು ಕೆಂಪು ಚುಕ್ಕೆ ಕಂಡಿತು. ನಾರಿನಲ್ಲಿ ಸುತ್ತಿ ಊದಿದೆ. ಹೊಗೆ ದಪ್ಪವಾಯಿತು, ಆಮೇಲೆ ಭಗ್ ಅಂತ ಹತ್ತಿತು. ಅಮ್ಮನನ್ನು ಕೂಗಿ ಕರೆದೆ. ಬಂದು ನೋಡಿದರು. "ಸರಿ, ಈಗ ನಂದಿಸು, ಬಟ್ಟೆ ಒಣಗಿಸಿದ್ದೇನೆ" ಅಂದರು.

ಪ್ಲಾಂಟ್ ನನಗೆ ಹತ್ತಿರ ಅನಿಸಲು ಇನ್ನೊಂದು ಕಾರಣ ಮಳೆ. ಅವರದ್ದೂ ಹಸಿ ನೆಲ, ಹುಲ್ಲಿನ ಮಾಡು ಕೊಳೆಯುವ ಊರು. ಅವರ ಹಂಚಿನ ಮನೆಯ ವಿಡಿಯೊ ನೋಡಿ. ಮಣ್ಣು ಕಲಸಿ, ಅಚ್ಚು ಹಾಕಿ, ತಾವೇ ಕಟ್ಟಿದ ಗೂಡಿನಲ್ಲಿ ಸುಟ್ಟು, ಒಂದೊಂದಾಗಿ ಹೊದಿಸಿದ್ದು. ಒಟ್ಟು 102 ದಿನ ಹಿಡಿಯಿತು, ಅಕಾಲ ಮಳೆ ಬಾರದಿದ್ದರೆ 66 ದಿನಕ್ಕೆ ಮುಗಿಯುತ್ತಿತ್ತು ಅಂತ ಅವರೇ ಬರೆದಿದ್ದಾರೆ. ಕಾಡಲ್ಲಿ ವಾಸ ಮಾಡುವುದಿಲ್ಲ, ಇದು ನನ್ನ ಹವ್ಯಾಸ ಅಂತಲೂ. ಮಳೆಯಿಂದ ಹಾಳಾದ ದಿನಗಳ ಲೆಕ್ಕ ಕೊಡುವವರನ್ನು ನಾನು ನಂಬುತ್ತೇನೆ. ಇವರನ್ನು ನಕಲು ಮಾಡಿ ಕಾಡಿನಲ್ಲಿ ಈಜುಕೊಳ ಕಟ್ಟುವ ವಿಡಿಯೊಗಳು ರಾಶಿ ಇವೆ, ಕೆಲವು ಯಂತ್ರದ ಕೆಲಸ ಅಂತ ಬಯಲಾದದ್ದೂ ಇದೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿನವನು ನಾನು. ತಲೆಯ ಮೇಲೆ ಹಂಚು ಇಟ್ಟುಕೊಂಡೇ ಬೆಳೆದರೂ ಒಂದು ಹಂಚು ಹೇಗಾಗುತ್ತದೆ ಅಂತ ನೋಡಿದ್ದು ಈ ಆಸ್ಟ್ರೇಲಿಯಾದವರಿಂದ. ಗದ್ದೆಯ ಜೇಡಿಮಣ್ಣು ತಂದು ಒಂದು ಗಡಿಗೆ ಮಾಡಿದೆ. ಬೆಂಕಿಗಿಟ್ಟ ಸ್ವಲ್ಪ ಹೊತ್ತಿಗೆ ಪಟಾಕಿಯ ಹಾಗೆ ಸಿಡಿಯಿತು. ಒಳಗೆ ಉಳಿದ ನೀರು ಆವಿಯಾಗಿ ಒಡೆದದ್ದು. ಪ್ಲಾಂಟ್ ಮಣ್ಣಿಗೆ ಒಡೆದ ಮಡಕೆಯ ಪುಡಿ ಸೇರಿಸುವುದನ್ನು ಗಮನಿಸಿ, ನಾನು ಒಡೆದ ಹಂಚನ್ನು ಕುಟ್ಟಿ ಹಾಕಿದೆ, ಎರಡು ವಾರ ನೆರಳಲ್ಲಿ ಒಣಗಿಸಿದೆ. ಎರಡನೇ ಗಡಿಗೆ ಉಳಿಯಿತು. ಸೋರುತ್ತದೆ, ಆದರೆ ಉಳಿಯಿತು. ನಾಲ್ಕರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಈ ಚಾನೆಲ್ಲೇ ಇಟ್ಟುಕೊಳ್ಳುತ್ತೇನೆ.

ಟಿವಿಯಲ್ಲಿ ಕಾಡಿನ ಸಾಹಸ ಮಾಡುವ ಬೇರ್ ಗ್ರಿಲ್ಸ್ ಯಾಕಿಲ್ಲ ಅಂತ ಕೇಳಬಹುದು. ರಜನಿಕಾಂತ್ ಬಂಡೀಪುರಕ್ಕೆ ಬಂದ 2020ರ ಕಂತನ್ನು ಮನೆಯವರೆಲ್ಲ ಕೂತು ನೋಡಿದ್ದೆವು. ಮಜಾ ಬಂತು. ಹಿತ್ತಲಿಗೆ ಏನೂ ಬರಲಿಲ್ಲ.

ಕೊನೆಯದು ಅಕಿರಾ ಕುರೊಸಾವಾ ಅವರ 'ದೆರ್ಸು ಉಜಾಲಾ', 1975ರ ಚಿತ್ರ. ರಷ್ಯಾದ ಪೂರ್ವ ತುದಿಯ ಕಾಡಿನಲ್ಲಿ ನಕ್ಷೆ ಮಾಡಲು ಬಂದ ಸೇನೆಯ ಕ್ಯಾಪ್ಟನ್ ಒಬ್ಬನಿಗೆ ದಾರಿ ತೋರಿಸುವ ಬೇಟೆಗಾರ ಮುದುಕನ ಕತೆ. ಜುಲೈಯ ಒಂದು ಸಂಜೆ ಮಾವನ ಜೊತೆ ನೋಡಿದೆ. ರಷ್ಯನ್ ಮಾತು, ಇಂಗ್ಲಿಷ್ ಸಬ್‌ಟೈಟಲ್, ಮಾವನಿಗೆ ಎರಡೂ ಬೇಡವಾಯಿತು. ಹೆಪ್ಪುಗಟ್ಟಿದ ಸರೋವರದ ಬಯಲಲ್ಲಿ ಇಬ್ಬರು ಸಿಕ್ಕಿಬೀಳುತ್ತಾರೆ. ಗಾಳಿ ಏಳುತ್ತದೆ, ಹೊತ್ತು ಮುಳುಗುತ್ತಾ ಇದೆ. ದೆರ್ಸು ಹುಲ್ಲು ಕೊಯ್ಯಲು ಶುರು ಮಾಡುತ್ತಾನೆ, ಕ್ಯಾಪ್ಟನ್ ಕೈಯಲ್ಲೂ ಕೊಯ್ಯಿಸುತ್ತಾನೆ. ಅಳತೆಯ ಉಪಕರಣದ ಮುಕ್ಕಾಲಿಯನ್ನೇ ಆಧಾರ ಮಾಡಿ, ಹುಲ್ಲು ಹೊದಿಸಿ, ಹಗ್ಗ ಬಿಗಿದು ಗೂಡು ಮಾಡುತ್ತಾನೆ. ಮಾವ ಕುರ್ಚಿಯ ತುದಿಗೆ ಬಂದಿದ್ದರು.

ಮರುದಿನ ತೋಟದಲ್ಲಿ ಮೋಡ ಕಟ್ಟಿದ್ದು ನೋಡಿ, "ಬಾ, ಈಗ ಮಾಡುವ" ಅಂದರು. ಮೂರು ಬಿದಿರು, ಅಡಿಕೆ ಸೋಗೆ, ಮೇಲೆ ಎರಡು ಪದರ ತೆಂಗಿನ ಮಡಲು. ಮಳೆ ಬೀಳುವಾಗ ಮುಕ್ಕಾಲು ಭಾಗ ಆಗಿತ್ತು. ಇಬ್ಬರ ಬೆನ್ನೂ ಒದ್ದೆ, ತಲೆ ಮಾತ್ರ ಒಣ. ಇಳಿಜಾರು ಸಾಲದು ಅಂತ ಮಾವ, ಹೊತ್ತು ಸಾಲದು ಅಂತ ನಾನು. ಹೇಗೆ ಕಟ್ಟುವುದು ಅಂತ ವೈಸ್‌ಮನ್ ಹೇಳುತ್ತಾರೆ, ಪ್ಲಾಂಟ್ ತೋರಿಸುತ್ತಾರೆ. ಯಾವಾಗ ಶುರು ಮಾಡಬೇಕು ಅಂತ ಮೈಗೆ ತಾಗಿಸಿದ್ದು ಈ ಸಿನಿಮಾ ಒಂದೇ.

ಇನ್ನೊಂದು ದೃಶ್ಯ ಇದೆ. ಕಾಡಿನ ಹಳೆ ಗುಡಿಸಲಿನ ಮಾಡು ಸರಿಮಾಡಿ ಹೊರಡುವಾಗ ದೆರ್ಸು ಕ್ಯಾಪ್ಟನ್ ಹತ್ತಿರ ಸ್ವಲ್ಪ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳುತ್ತಾನೆ. ಮುಂದೆ ಯಾರೋ ಬಂದಾರು, ಅವರಿಗಿರಲಿ ಅಂತ ಒಳಗೆ ಇಟ್ಟು ಹೋಗುತ್ತಾನೆ. ಗಮನಿಸಿದಿರಾ, ಬೆಂಕಿಕಡ್ಡಿ! ಆ ಕಾಡನ್ನೇ ಅರೆದು ಕುಡಿದ ಮನುಷ್ಯ ಕೋಲು ಉಜ್ಜುತ್ತಾ ಕೂರುವುದಿಲ್ಲ. ಇದನ್ನು ಅಮ್ಮನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಕಳೆದ ವಾರ ಅಟ್ಟಕ್ಕೆ ಕೈ ಹಾಕಿದರೆ ನನ್ನ ದಾಸವಾಳದ ಹಲಗೆ ಇಲ್ಲ, ಕೋಲೂ ಇಲ್ಲ. ಅಮ್ಮ ಬಚ್ಚಲೊಲೆಗೆ ಹಾಕಿದ್ದರು. ಎಷ್ಟು ಚೆನ್ನಾಗಿ ಒಣಗಿತ್ತು ಅಂದರೆ, ಒಂದೇ ಕಡ್ಡಿಗೆ ಹತ್ತಿತಂತೆ.