ವಿಮಾನದ ಇಂಧನ ಲೆಕ್ಕ: ದೂರದ ಕೋಷ್ಟಕವೋ, ಹಾರಾಟದ ಜಾಡೋ?

ಜಗತ್ತಿನ ವಿಮಾನಗಳು ಸುಡುವ ಇಂಧನವನ್ನು ಅಂದಾಜಿಸುವ ಎರಡು ವಿಧಾನಗಳನ್ನು ನಾನು ಒಂದೇ ಮಾರ್ಗದ ಮೇಲೆ ಪ್ರಯೋಗಿಸಿ ನೋಡಿದೆ. ಮಾರ್ಗ ದೆಹಲಿ–ಕೋಲ್ಕತ್ತ, ವಿಮಾನ ಏರ್‌ಬಸ್ ಎ320, ತಿಂಗಳು ಜನವರಿ.

ಮೊದಲನೆಯದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಪ್ರಯಾಣಿಕ ಕ್ಯಾಲ್ಕುಲೇಟರ್ ಅನುಸರಿಸುವ, ದೂರವನ್ನು ಆಧರಿಸಿದ ಲೆಕ್ಕ. ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 1,300 ಕಿ.ಮೀ.; ವಿಮಾನ ನೇರ ಗೆರೆಯಲ್ಲೇ ಹಾರುವುದಿಲ್ಲವಾದ್ದರಿಂದ ಅದಕ್ಕೆ 100 ಕಿ.ಮೀ. ಸೇರಿಸಿ, ಅಷ್ಟು ದೂರಕ್ಕೆ ಆ ಬಗೆಯ ವಿಮಾನ ಎಷ್ಟು ಸುಡುತ್ತದೆಂದು ಕೋಷ್ಟಕದಲ್ಲಿರುವ ಇಂಧನವನ್ನು 3.16ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡಿನ ತೂಕ ಸಿಗುತ್ತದೆ. ವೇಳಾಪಟ್ಟಿ ಕೈಯಲ್ಲಿದ್ದರೆ ಇಡೀ ಭೂಮಂಡಲದ ವರ್ಷದ ಲೆಕ್ಕಕ್ಕೂ ಇದೇ ದಾರಿ. ಆದರೆ ಹೋಗುವುದಕ್ಕೂ ಬರುವುದಕ್ಕೂ ಇದು ಒಂದೇ ಅಂಕಿ ಕೊಡುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿಯ (ಬಹಳ ಎತ್ತರದ ರಭಸದ ಗಾಳಿಯ) ಸುಳಿವೇ ಇದರಲ್ಲಿಲ್ಲ.

ಎರಡನೆಯದು ಹಾರಾಟದ ಜಾಡನ್ನು ಆಧರಿಸಿದ ಲೆಕ್ಕ. ಇದಕ್ಕೆ ಬಳಸಿದ್ದು ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಓಪನ್‌ಎಪಿ, ಅಂದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿರುವ, ಯಾರು ಬೇಕಾದರೂ ಬಳಸಬಹುದಾದ ಮಾದರಿ. (ಯುರೋಪಿನ ವಾಯುಸಂಚಾರ ಸಂಸ್ಥೆಯಾದ ಯುರೋಕಂಟ್ರೋಲಿನ ಬಾಡಾ ಎಂಬ ಮಾದರಿ ಇನ್ನೂ ವಿವರವಾದುದು, ಆದರೆ ಅದಕ್ಕೆ ಪರವಾನಗಿ ಬೇಕು, ಆದ್ದರಿಂದ ಅದನ್ನು ಬಿಟ್ಟೆ.) ವಿಮಾನವೇ ಪ್ರಸಾರ ಮಾಡುವ ಎಡಿಎಸ್-ಬಿ ಸಂಕೇತಗಳಿಂದ ಎತ್ತರ, ವೇಗಗಳನ್ನು ತೆಗೆದುಕೊಂಡು ಕ್ಷಣಕ್ಷಣದ ಇಂಧನ ಹರಿವನ್ನು ಲೆಕ್ಕ ಹಾಕಿದೆ. ಇಲ್ಲಿ ನಾನು ಎಡವಿದೆ. ಆ ಸಂಕೇತಗಳಲ್ಲಿದ್ದುದು ನೆಲಕ್ಕೆ ಹೋಲಿಸಿದ ವೇಗ; ಮಾದರಿಗೆ ಬೇಕಾದುದು ಗಾಳಿಗೆ ಹೋಲಿಸಿದ ವೇಗ. ನೆಲಕ್ಕೆ ಹೋಲಿಸಿದ ವೇಗವನ್ನೇ ಕೊಟ್ಟಾಗ, ಗಾಳಿಯ ಬೆನ್ನೇರಿ ಕೋಲ್ಕತ್ತದತ್ತ ಹೊರಟ ವಿಮಾನ ನಿಮಿಷಕ್ಕೆ ವಿಪರೀತ ಇಂಧನ ಸುಡುತ್ತಿರುವಂತೆ ಕಂಡಿತು. ಇಆರ್‌ಎ5 ಹವಾಮಾನ ದತ್ತಾಂಶದಿಂದ ಗಾಳಿಯನ್ನು ಕಳೆದ ಮೇಲೆಯೇ ಚಿತ್ರ ಸರಿಹೋಯಿತು: ಎದುರುಗಾಳಿಯಲ್ಲಿ ದೆಹಲಿಗೆ ಮರಳುವ ಹಾರಾಟವೇ ಹೆಚ್ಚು ಸಮಯ, ಹೆಚ್ಚು ಇಂಧನ ಬೇಡುತ್ತದೆ.

ವಾರ್ಷಿಕ ಒಟ್ಟು ಮೊತ್ತಕ್ಕೆ ನಾನು ಕೋಷ್ಟಕವನ್ನೇ ಆರಿಸುತ್ತೇನೆ. ಎತ್ತರ ಬದಲಿಸಿದರೆ ಅಥವಾ ಮಾರ್ಗ ತಿರುಗಿಸಿದರೆ ಎಷ್ಟು ಉಳಿಯುತ್ತದೆಂಬ ಪ್ರಶ್ನೆಗೆ ಮಾತ್ರ ಜಾಡಿನ ಲೆಕ್ಕವಿಲ್ಲದೆ ಉತ್ತರವಿಲ್ಲ, ಮತ್ತು ಮಾಲಿನ್ಯ ತಗ್ಗಿಸುವವರಿಗೆ ಬೇಕಾದುದು ಈ ಉತ್ತರವೇ. ಆದರೂ ಅದರ ದೊಡ್ಡ ಕೊರತೆಯನ್ನು ಮರೆಯುವಂತಿಲ್ಲ: ವಿಮಾನದ ತೂಕ ಆ ಸಂಕೇತಗಳಲ್ಲಿ ಬರುವುದಿಲ್ಲ. ಅದೇ ಎತ್ತರ, ಅದೇ ವೇಗದಲ್ಲಿ ತೂಕವನ್ನು 60 ಟನ್ನಿನಿಂದ 70 ಟನ್ನಿಗೆ ಏರಿಸಿದಾಗ ಇಂಧನದ ಹರಿವು ಹತ್ತನೇ ಒಂದು ಭಾಗದಷ್ಟು ಹೆಚ್ಚಿತು; ಆ ವಿಮಾನದಲ್ಲಿ ಎಷ್ಟು ಜನ, ಎಷ್ಟು ಸರಕು ಇತ್ತೆಂಬುದು ಅದನ್ನು ಹಾರಿಸುವ ಕಂಪನಿಗೆ ಮಾತ್ರ ಗೊತ್ತು.