80 ಮೀಟರ್ ಬ್ಯಾಂಡಿಗೆ ಯಾವ ತಂತಿ? ಅಡಕೆ ತೋಟದಲ್ಲಿ ನಡೆಸಿದ ಒಂದು ಹೋಲಿಕೆ

ಕೆಳ ಬ್ಯಾಂಡುಗಳಲ್ಲಿ, ಅಂದರೆ ಕಡಿಮೆ ಆವರ್ತನದ 40, 80, 160 ಮೀಟರ್ ತರಂಗಾಂತರದ ಪಟ್ಟಿಗಳಲ್ಲಿ, ಮಾತನಾಡಬೇಕೆನ್ನುವ ಹ್ಯಾಮ್‌ಗೆ (ಹವ್ಯಾಸಿ ರೇಡಿಯೊ ಬಳಕೆದಾರನಿಗೆ) ಎದುರಾಗುವ ಮೊದಲ ತೊಡಕು ಜಾಗದ್ದು. ನಡುವಿನಿಂದ ಕೇಬಲ್ ಇಳಿಯುವ, ಅರ್ಧ ತರಂಗಾಂತರದ ಡೈಪೋಲ್ ಆಂಟೆನಾ 7.1 ಮೆಗಾಹರ್ಟ್ಸ್‌ಗೆ 20 ಮೀಟರ್, 3.6 ಮೆಗಾಹರ್ಟ್ಸ್‌ಗೆ 40 ಮೀಟರ್, 1.82 ಮೆಗಾಹರ್ಟ್ಸ್‌ಗೆ 79 ಮೀಟರ್ ಉದ್ದವಾಗುತ್ತದೆ. ಬೆಂಗಳೂರಿನ 30×40 ಅಡಿಯ ಸೈಟಿನಲ್ಲಿದ್ದ ವರ್ಷಗಳಲ್ಲಿ ನಾನು 40 ಮೀಟರ್ ಬ್ಯಾಂಡಿಗಿಂತ ಕೆಳಗೆ ಇಳಿದದ್ದೇ ಇಲ್ಲ. ಶಿರಸಿ ತಾಲ್ಲೂಕಿನ ತೋಟದ ಮನೆಗೆ ಮರಳಿದ ಮೇಲೆ ಆ ತೊಡಕು ನೀಗಿತು. ತಂತಿ ಕಟ್ಟಲು ಅಡಕೆ ಮರಗಳಿದ್ದವು, ಮನೆಯ ಹಿಂದೆ ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟವಿತ್ತು. 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ, ಎರಡು ಚಳಿಗಾಲಗಳಲ್ಲಿ, 80 ಮೀಟರ್ ಬ್ಯಾಂಡಿಗಾಗಿ ಮೂರು ಪ್ರಸಾರದ ಆಂಟೆನಾಗಳನ್ನೂ ಕೇಳುವುದಕ್ಕೆಂದೇ ಎರಡು ಆಂಟೆನಾಗಳನ್ನೂ ಕಟ್ಟಿ ನೋಡಿದೆ. ಅವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಒದಗಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಳ ಬ್ಯಾಂಡುಗಳಲ್ಲಿ ಸಿಗ್ನಲ್ಲಿನ ಏರಿಳಿತ ಎಷ್ಟಿರುತ್ತದೆಂದರೆ, ಒಂದೇ ನಿಮಿಷದಲ್ಲಿ ಅದು 10 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಹತ್ತು ಪಟ್ಟು, ಮೇಲೇರಿ ಮತ್ತೆ ಅಷ್ಟೇ ಕೆಳಗಿಳಿಯಬಹುದು. ಆದ್ದರಿಂದ ನಿನ್ನೆಯ ಆಂಟೆನಾವನ್ನು ಇಂದಿನ ಆಂಟೆನಾದೊಂದಿಗೆ ನೆನಪಿನ ಮೇಲೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಮೂರೂ ಆಂಟೆನಾಗಳ ಕೇಬಲ್ಲುಗಳನ್ನು ಮೇಜಿನ ಮೇಲಿನ ಒಂದೇ ಸ್ವಿಚ್ಚಿಗೆ ತಂದು, 50 ವ್ಯಾಟ್‌ಗಳನ್ನು ಬದಲಿಸದೆ, ಎದುರಿನವರಿಗೆ ‘ಎ’, ‘ಬಿ’, ‘ಸಿ’ ಎಂದಷ್ಟೇ ಹೇಳಿ, ಯಾವ ಅಕ್ಷರ ಯಾವ ತಂತಿ ಎಂಬುದನ್ನು ತಿಳಿಸದೆ ವರದಿ ಕೇಳುತ್ತಿದ್ದೆ. ಅಕ್ಷರಗಳನ್ನು ದಿನಕ್ಕೊಂದು ರೀತಿ ಅದಲುಬದಲು ಮಾಡುತ್ತಿದ್ದೆ. ದೂರದ ಅಳತೆಗೆ ಡಬ್ಲ್ಯುಎಸ್‌ಪಿಆರ್ ನೆರವಾಯಿತು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿಯೂ ಹ್ಯಾಮ್ ಕೂಡ ಆಗಿರುವ ಜೋ ಟೇಲರ್ 2008ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಒಂದೊಂದು ಪ್ರಸಾರಕ್ಕೂ ಎರಡು ನಿಮಿಷದ ಸರದಿಯಿದ್ದು, ಕೇಳಿದ ಕೇಂದ್ರಗಳು ಸಿಗ್ನಲ್ ಮತ್ತು ಗದ್ದಲದ ಅನುಪಾತವನ್ನು ಡೆಸಿಬೆಲ್‌ನಲ್ಲೇ ವರದಿ ಮಾಡುತ್ತವೆ. ಸರದಿಗೊಂದು ಆಂಟೆನಾದಂತೆ ಬದಲಿಸುತ್ತಾ ಕುಳಿತರೆ ಒಂದು ರಾತ್ರಿಯಲ್ಲಿ ಸಿಗುವ ಅಂಕಿಗಳ ಸರಾಸರಿಯನ್ನು ನಂಬಬಹುದು.

ಮೊದಲನೆಯದು ಇನ್ವರ್ಟೆಡ್ ವಿ, ತಲೆಕೆಳಗಾದ ವಿ ಆಕಾರದ ಡೈಪೋಲ್. ನಡುವನ್ನು 13 ಮೀಟರ್ ಎತ್ತರದಲ್ಲಿ ತೂಗುಹಾಕಿ, ಎರಡು ತುದಿಗಳನ್ನು ನೆಲದಿಂದ ಮೂರೂವರೆ ಮೀಟರ್‌ಗೆ ಇಳಿಸಿದೆ. ಸೂತ್ರದ ಪ್ರಕಾರ 39.7 ಮೀಟರ್ ಬರಬೇಕಾದ ತಂತಿಯನ್ನು, ರೆಕ್ಕೆಗಳು ಇಳಿಜಾರಾಗಿದ್ದ ಕಾರಣ, 38.6 ಮೀಟರ್‌ಗೆ ಕತ್ತರಿಸಿದ ಮೇಲೆ 3.6 ಮೆಗಾಹರ್ಟ್ಸ್‌ನಲ್ಲಿ ಹೊಂದಿಕೊಂಡಿತು. ಕಟ್ಟುವ ಕೆಲಸ ಸಲೀಸಲ್ಲ, ಏಕೆಂದರೆ ಗಾಳಿ ಬಂದರೆ ಅಡಕೆ ಮರದ ತಲೆ ಒಂದು ಮೀಟರ್‌ಗೂ ಹೆಚ್ಚು ತೂಗುತ್ತದೆ. ತಂತಿಯನ್ನು ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ತುಂಡಾಗುತ್ತದೆ. ಹಾಗಾಗಿ ಮರದಲ್ಲಿ ರಾಟೆ ಕಟ್ಟಿಸಿ, ನೈಲಾನ್ ಹಗ್ಗದ ಇನ್ನೊಂದು ತುದಿಗೆ ಐದು ಲೀಟರಿನ ನೀರು ತುಂಬಿದ ಕ್ಯಾನು ತೂಗುಬಿಟ್ಟೆ. ಮರ ತೂಗಿದಂತೆ ಕ್ಯಾನು ಏರಿಳಿಯುತ್ತದೆ, ತಂತಿಯ ಬಿಗಿ ಬದಲಾಗುವುದಿಲ್ಲ. ಮರ ಹತ್ತಿದ ಕೊನೆಗೌಡ (ಅಡಕೆ ಕೊನೆ ಇಳಿಸುವವ) ಮೇಲಿನಿಂದಲೇ, “ಹೆಗಡೇರೆ, ಈ ತಂತೀಲಿ ಕರೆಂಟ್ ಇಲ್ಲ ಅಲ್ರ?” ಎಂದು ಕೇಳಿದ. ಸರಿಯಾದ ಪ್ರಶ್ನೆ. ಪ್ರಸಾರದ ಹೊತ್ತಿನಲ್ಲಿ ಡೈಪೋಲಿನ ತುದಿಗಳಲ್ಲಿ ಚರ್ಮ ಸುಡುವಷ್ಟು ವೋಲ್ಟೇಜ್ ಇರುತ್ತದೆ. ತೋಟದಲ್ಲಿ ಜನ ಇರುವಾಗ ನಾನು ಮೋರ್ಸ್ ಕೀ ಮುಟ್ಟುವುದಿಲ್ಲ.

13 ಮೀಟರ್ ನೋಡಲು ಎತ್ತರವೆನಿಸಿದರೂ 80 ಮೀಟರ್ ಬ್ಯಾಂಡಿಗೆ ಅದು ತರಂಗಾಂತರದ ಆರನೇ ಒಂದು ಪಾಲು ಮಾತ್ರ. ಇಷ್ಟು ಕೆಳಗಿರುವ ಡೈಪೋಲ್ ತನ್ನ ಶಕ್ತಿಯ ಬಹುಭಾಗವನ್ನು ನೆತ್ತಿಯ ಕಡೆಗೇ ಕಳಿಸುತ್ತದೆ. ದೂರದೇಶದ ಆಸೆಯಿದ್ದವರಿಗೆ ಇದು ನಷ್ಟ, ನಮ್ಮ ರಾಜ್ಯದೊಳಗಿನ ಮಾತುಕತೆಗೆ ಇದೇ ವರ. ನಮ್ಮಲ್ಲಿಂದ ಮಂಗಳೂರು ನೇರ ದೂರದಲ್ಲಿ ಸುಮಾರು 190 ಕಿ.ಮೀ., ಬೆಂಗಳೂರು 350 ಕಿ.ಮೀ. ಅಲೆಯನ್ನು ನೆಲಕ್ಕೆ ಹಿಂದಿರುಗಿಸುವ ಅಯಾನುಗೋಳದ ಎಫ್ ಪದರ 300 ಕಿ.ಮೀ. ಎತ್ತರದಲ್ಲಿದೆ ಎಂದುಕೊಂಡರೆ ಮಂಗಳೂರಿಗೆ ಹೋಗುವ ಅಲೆ 72 ಡಿಗ್ರಿ ಕೋನದಲ್ಲಿ, ಬೆಂಗಳೂರಿಗೆ ಹೋಗುವ ಅಲೆ 60 ಡಿಗ್ರಿಯಲ್ಲಿ ಮೇಲೇರಬೇಕು. ನಡುವಿನ ಘಟ್ಟಗಳು ಅದಕ್ಕೆ ಅಡ್ಡಿಯೇ ಅಲ್ಲ. ಮಂಗಳೂರಿನ ಗೆಳೆಯರು ಒಂದು ಸಂಜೆಯೂ ತಪ್ಪದೆ ಇನ್ವರ್ಟೆಡ್ ವಿಯನ್ನೇ ಆರಿಸಿದರು. ಮುಂದೆ ಹೇಳುವ ಇನ್ವರ್ಟೆಡ್ ಎಲ್ ತಂತಿಗೆ ಬದಲಿಸಿದಾಗ, “ಅದು ಬೇಡ ಮಾರಾಯ್ರೆ, ಮೊದಲಿನದ್ದೇ ಹಾಕಿ” ಎನ್ನುತ್ತಿದ್ದರು. ಸಿಗ್ನಲ್ ಬಲ ತೋರಿಸುವ ಅವರ ಮೀಟರಿನಲ್ಲಿ ಎರಡು ಎಸ್ ಘಟಕಗಳ ವ್ಯತ್ಯಾಸ, ಅಂದರೆ ಸುಮಾರು 12 ಡೆಸಿಬೆಲ್.

ಎರಡನೆಯದು ಇನ್ವರ್ಟೆಡ್ ಎಲ್. ಕಾಲು ತರಂಗಾಂತರದ, ಅಂದರೆ 20 ಮೀಟರಿನ ತಂತಿಯನ್ನು 13 ಮೀಟರ್ ನೆಟ್ಟಗೆ ಮೇಲಕ್ಕೆ ಒಯ್ದು ಉಳಿದ 7 ಮೀಟರನ್ನು ಅಡ್ಡಲಾಗಿ ಎಳೆದದ್ದು. ತಂತಿ ಕಟ್ಟುವುದು ಅರ್ಧ ಗಂಟೆಯ ಕೆಲಸ. ನಿಜವಾದ ಕೆಲಸವಿರುವುದು ಬುಡದಲ್ಲಿ, ಅಲ್ಲಿಂದ ಸುತ್ತಲೂ ಹಾಸುವ ರೇಡಿಯಲ್‌ಗಳೆಂಬ ನೆಲದ ತಂತಿಗಳಲ್ಲಿ. ಇಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ದಾರಿ ತಪ್ಪುವುದು ಇದೇ ಜಾಗದಲ್ಲಿ.

ಮೊದಲ ದಿನ 12 ಮೀಟರಿನ ನಾಲ್ಕು ರೇಡಿಯಲ್ ಹಾಸಿದಾಗ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿದೆ ಎಂಬ ಅಳತೆ; 1 ಇದ್ದರೆ ಪೂರ್ಣ ಹೊಂದಿಕೆ) ಹೆಚ್ಚೂಕಡಿಮೆ 1.1ಕ್ಕೆ ನಿಂತಿತು. ನೋಡಿ ಹಿಗ್ಗಿದೆ. ಎಂಟು ಹಾಸಿದೆ, ಅದು ತುಸು ಏರಿತು. ಹದಿನಾರು ಹಾಸಿದಾಗ 1.5 ಆಯಿತು. ಎಲ್ಲೋ ಸಂಪರ್ಕ ಸಡಿಲಾಗಿದೆಯೆಂದು ಬುಡದ ಬೋಲ್ಟುಗಳನ್ನೆಲ್ಲ ಬಿಚ್ಚಿ ಉಜ್ಜಿ ಮತ್ತೆ ಬಿಗಿದೆ, ಏನೂ ಬದಲಾಗಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದಾಗ ವಿಷಯ ಹೊಳೆಯಿತು. ಈ ಅಳತೆಯ ತಂತಿಯ ವಿಕಿರಣ ರೋಧ, ಅಂದರೆ ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಸೂಚಿಸುವ ರೋಧ, ಸುಮಾರು 25 ಓಮ್. ನಾಲ್ಕೇ ರೇಡಿಯಲ್ ಇದ್ದಾಗ ನೆಲದ ನಷ್ಟದ ರೋಧವೂ ಅಷ್ಟೇ ಇದ್ದು, ಎರಡೂ ಸೇರಿ 50 ಓಮ್ ಆಗಿ ಕೇಬಲ್ಲಿಗೆ ಚೆನ್ನಾಗಿ ಹೊಂದಿಕೊಂಡಿತ್ತು, ಆದರೆ ಅರ್ಧ ಶಕ್ತಿ ಮಣ್ಣನ್ನು ಬೆಚ್ಚಗೆ ಮಾಡುವುದಕ್ಕೆ ಹೋಗುತ್ತಿತ್ತು. ರೇಡಿಯಲ್ ಹೆಚ್ಚಿದಂತೆ ನಷ್ಟ 10 ಓಮ್‌ಗಿಂತ ಕೆಳಗಿಳಿದು, ಒಟ್ಟು ರೋಧ 34ರ ಆಸುಪಾಸಿಗೆ ಬಂದು, ಎಸ್‌ಡಬ್ಲ್ಯುಆರ್ ಏರಿತು. ಅದೇ ಹೊತ್ತಿಗೆ ಆಂಟೆನಾದ ದಕ್ಷತೆ ನೂರಕ್ಕೆ ಐವತ್ತರಿಂದ ಎಪ್ಪತ್ತರ ಮೇಲಕ್ಕೆ ಹೋಯಿತು. ನಮ್ಮದು ಜಂಬಿಟ್ಟಿಗೆ ಮಣ್ಣು, ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ನೆಲವಲ್ಲ. ಇಂಥ ನೆಲದಲ್ಲಿ ವರ್ಟಿಕಲ್ (ನೆಟ್ಟಗೆ ನಿಲ್ಲುವ) ಜಾತಿಯ ಆಂಟೆನಾದ ಎಸ್‌ಡಬ್ಲ್ಯುಆರ್ ತಾನಾಗಿಯೇ ಸೊಗಸಾಗಿ ಬಂದರೆ ಸಂಶಯ ಪಡಬೇಕು. ಮೂವತ್ತೆರಡು ರೇಡಿಯಲ್ ಹಾಸಿಯೂ ನೋಡಿದೆ. ಹೆಚ್ಚುವರಿ ಗಳಿಕೆ ಅರ್ಧ ಡೆಸಿಬೆಲ್ಲಿಗೂ ಕಡಿಮೆ. ಹದಿನಾರಕ್ಕೆ ನಿಲ್ಲಿಸಬಹುದು.

ದೂರಕ್ಕೆ ಈ ಆಂಟೆನಾ ತನ್ನ ಬೆಲೆ ತೋರಿಸಿತು. ಜನವರಿಯಲ್ಲಿ ಸಂಜೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಜಪಾನಿನ ಕೇಂದ್ರಗಳೂ, ಬೆಳಗಿನ ಜಾವ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಯುರೋಪಿನ ಕೇಂದ್ರಗಳೂ ನಮಗೆ ಒದಗುತ್ತವೆ. ಮೊದಲನೆಯ ಹೊತ್ತಿನಲ್ಲಿ ಪೂರ್ವದ ದಾರಿ, ಎರಡನೆಯದರಲ್ಲಿ ಪಶ್ಚಿಮದ ದಾರಿ ಕತ್ತಲಲ್ಲಿರುವುದರಿಂದ ಹಗಲಿನಲ್ಲಿ ಅಲೆಯನ್ನು ಹೀರುವ, ಅಯಾನುಗೋಳದ ಕೆಳಗಿನ ಡಿ ಪದರ ಅಲ್ಲಿ ಇರುವುದಿಲ್ಲ. ಆ ದಿಕ್ಕುಗಳಲ್ಲಿ ಇನ್ವರ್ಟೆಡ್ ಎಲ್ ಸರಾಸರಿ 5ರಿಂದ 6 ಡೆಸಿಬೆಲ್ ಮುಂದಿತ್ತು. 50 ವ್ಯಾಟನ್ನು 200 ವ್ಯಾಟ್ ಮಾಡಿದಷ್ಟು ಲಾಭವನ್ನು ಒಂದು ತಂತಿ ಮತ್ತು ಹದಿನಾರು ನೆಲದ ತಂತಿಗಳು ತಂದುಕೊಟ್ಟವು. ಸೂರ್ಯನ ಚಟುವಟಿಕೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಚಕ್ರಗಳಲ್ಲಿ 25ನೆಯದು 2024ರ ಕೊನೆಯ ಭಾಗದಲ್ಲಿ ಉತ್ತುಂಗದಲ್ಲಿತ್ತು. ಕೆಳ ಬ್ಯಾಂಡುಗಳಿಗೆ ಅದು ಒಳ್ಳೆಯ ಕಾಲವಲ್ಲ. ಸೂರ್ಯ ತಣ್ಣಗಾಗುವ ವರ್ಷಗಳಲ್ಲಿ ಇದಕ್ಕಿಂತ ಉತ್ತಮ ಫಲ ಸಿಗಬೇಕು.

ಮೂರನೆಯದು ಎಂಡ್ ಫೆಡ್, ತುದಿಯಲ್ಲಿ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಇರುವ 40 ಮೀಟರಿನ ತಂತಿ. ಒಂದು ತುದಿ ಅಟ್ಟದ ಕಿಟಕಿಯಲ್ಲಿ, ಇನ್ನೊಂದು ತೋಟದಾಚೆಯ ಮಾವಿನ ಮರದಲ್ಲಿ. ಒಂದೇ ತಂತಿ 80, 40, 20 ಮೀಟರ್‌ಗಳಿಗೆ ಟ್ಯೂನರ್ (ಹೊಂದಿಸುವ ಸಾಧನ) ಇಲ್ಲದೆ ಒದಗುತ್ತದೆ, ಮಧ್ಯದಲ್ಲಿ ಕೇಬಲ್ಲಿನ ಭಾರವಿಲ್ಲ, ಒಬ್ಬರೇ ಕಟ್ಟಬಹುದು. ಹತ್ತಿರದ ಮಾತುಕತೆಯಲ್ಲಿ ಇನ್ವರ್ಟೆಡ್ ವಿಗಿಂತ ಅದು 2 ಡೆಸಿಬೆಲ್‌ನಷ್ಟು ಮಾತ್ರ ಹಿಂದೆ. ಆದರೆ ಕೇಬಲ್ಲಿನ ಹೊರಮೈಯೇ ಆಂಟೆನಾದ ಉಳಿದ ಭಾಗವಾಗಿ ಕೆಲಸ ಮಾಡುವುದರಿಂದ ಪ್ರಸಾರ ಮಾಡುವಾಗ ಮೈಕಿನ ಲೋಹ ತುಟಿಗೆ ಚುರ್ರೆನ್ನುತ್ತಿತ್ತು. ಕೇಳುವಾಗ ಮನೆಯ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲವೆಲ್ಲ ರೇಡಿಯೊದೊಳಗೆ ಬರುತ್ತಿತ್ತು. ದೊಡ್ಡ ಫೆರೈಟ್ ಬಳೆಗೆ ಕೇಬಲ್ಲನ್ನು ಹನ್ನೆರಡು ಸುತ್ತು ಸುತ್ತಿ, ಹೊರಮೈಯ ವಿದ್ಯುತ್ತನ್ನು ತಡೆಯುವ ಚೋಕ್ ಮಾಡಿ ಹಾಕಿದ ಮೇಲೆ ಚುರುಕು ನಿಂತಿತು, ಗದ್ದಲವೂ ಬಹುಪಾಲು ಇಳಿಯಿತು. ಜಾಗ ಕಡಿಮೆ ಇದ್ದವರು ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು, ಚೋಕ್ ಮಾತ್ರ ಬಿಡಬಾರದು.

40 ಮೀಟರ್ ಬ್ಯಾಂಡಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡಿ ಪದರ ಹೀರುವ ಪ್ರಮಾಣ ಆವರ್ತನದ ವರ್ಗಕ್ಕೆ ವಿಲೋಮವಾಗಿರುವುದರಿಂದ ಹಗಲಿನಲ್ಲಿ 7 ಮೆಗಾಹರ್ಟ್ಸ್‌ನ ನಷ್ಟ 3.5ರದ್ದಕ್ಕಿಂತ ನಾಲ್ಕನೇ ಒಂದು ಪಾಲು. ಹಾಗಾಗಿ ಹಗಲಿನ ರಾಜ್ಯದೊಳಗಿನ ಮಾತುಕತೆಗೆ ಅದೇ ಸರಿ, 10 ಮೀಟರ್ ಎತ್ತರದ ಸಾಧಾರಣ ಡೈಪೋಲ್ ಅದಕ್ಕೆ ಸಾಕು. ರಾತ್ರಿ ಏರಿದಂತೆ ಹತ್ತಿರದವರು ಮಾಯವಾದಾಗ 80ಕ್ಕೆ ಇಳಿಯಬೇಕು.

ದೂರಕ್ಕೆ ಕಳಿಸುವುದರಲ್ಲಿ ಗೆದ್ದ ಇನ್ವರ್ಟೆಡ್ ಎಲ್, ಕೇಳುವುದರಲ್ಲಿ ಎಲ್ಲಕ್ಕಿಂತ ಹಿಂದೆ ಬಿತ್ತು. ನೆಟ್ಟಗೆ ನಿಂತ ತಂತಿ ಸುತ್ತಲಿನ ಮನೆಗಳ ಗದ್ದಲವನ್ನು ಬೇಗ ಹಿಡಿಯುತ್ತದೆ. ಇನ್ವರ್ಟೆಡ್ ವಿಯಲ್ಲಿ ಎಸ್5 ಇದ್ದ ಗದ್ದಲ ಇದರಲ್ಲಿ ಎಸ್7. ಅದರ ಮೇಲೆ ಸೆಕೆಂಡಿಗೊಮ್ಮೆ ಟಕ್, ಟಕ್ ಎಂಬ ಏಟು ಬೇರೆ. ಯುರೋಪಿನವರು ನನ್ನನ್ನು ಕೇಳಿ ಉತ್ತರಿಸುತ್ತಿದ್ದರು, ನನಗೆ ಅವರು ಕೇಳುತ್ತಿರಲಿಲ್ಲ. ಇದಕ್ಕಿಂತ ಸಂಕಟದ ಸ್ಥಿತಿ ಹ್ಯಾಮ್‌ಗೆ ಇನ್ನೊಂದಿಲ್ಲ.

ಆಗ ಕಟ್ಟಿದ್ದು ಕೇಳುವುದಕ್ಕೆಂದೇ ಇರುವ ಒಂದು ಮೀಟರ್ ವ್ಯಾಸದ ಲೂಪ್, ಬಳೆಯಂಥ ಆಂಟೆನಾ. ಉಳಿದಿದ್ದ ಕೇಬಲ್ ತುಂಡನ್ನು ಬಿದಿರಿನ ಶಿಲುಬೆಗೆ ಸುತ್ತಿ, ಸಿಗ್ನಲ್ ಹೆಚ್ಚಿಸುವ ಸಣ್ಣ ಪ್ರೀಆಂಪ್ಲಿಫೈಯರ್ ಸೇರಿಸಿ, ಅಂಗಳದಿಂದ 30 ಮೀಟರ್ ದೂರದಲ್ಲಿ, ಕೈಯಿಂದ ತಿರುಗಿಸುವಂತೆ ನಿಲ್ಲಿಸಿದೆ. ನೆಟ್ಟಗೆ ನಿಂತ ಲೂಪ್ ತನ್ನ ಅಚ್ಚಿನ (ಬಳೆಯ ನಡುವೆ ತೂರಿ ಹೋಗುವ ಗೆರೆಯ) ದಿಕ್ಕಿನಿಂದ ನೆಲ ಹಿಡಿದು ಬರುವ ಅಲೆಯನ್ನು ಕೇಳುವುದಿಲ್ಲ. ಆಕಾಶದಿಂದ ಇಳಿಯುವ ಅಲೆಗಳಿಗೆ ಆ ಕುರುಡು ಅಷ್ಟು ಪೂರ್ಣವಲ್ಲ. ಹೆಡ್‌ಫೋನ್ ಹಾಕಿಕೊಂಡು ನಿಧಾನವಾಗಿ ತಿರುಗಿಸುತ್ತಾ ಬಂದಾಗ ಒಂದು ಕಡೆ ಟಕ್ ಟಕ್ ಸದ್ದು ಕುಗ್ಗಿ ಕುಗ್ಗಿ ಪೂರ್ತಿ ನಿಂತುಹೋಯಿತು. ಅದರಡಿಯಿಂದ ಮೋರ್ಸ್‌ನಲ್ಲಿ ಕರೆಯುತ್ತಿದ್ದ ಇಟಲಿಯ ಕೇಂದ್ರವೊಂದು ಮೇಲೆದ್ದು ಬಂತು. ಅಚ್ಚು ತೋರಿಸುತ್ತಿದ್ದ ಗೆರೆ ಹಿಡಿದು ನಡೆದರೆ ಸಿಕ್ಕಿದ್ದು ನಮ್ಮದೇ ಸೋಲಾರ್ ಬೇಲಿ: ಒಂದು ಕಂಬದಲ್ಲಿ ಹಸಿ ಬಳ್ಳಿ ತಂತಿಗೆ ತಾಗಿ ಪ್ರತಿ ಏಟಿಗೂ ಕಿಡಿ ಹಾರುತ್ತಿತ್ತು. ಬಳ್ಳಿ ಕಡಿದ ಮೇಲೆ ಆ ಗದ್ದಲ ಎಲ್ಲ ಆಂಟೆನಾಗಳಲ್ಲೂ ನಿಂತಿತು. ಲೂಪಿನಲ್ಲಿ ಮೀಟರಿನ ಮುಳ್ಳು ಕಡಿಮೆ ಏರುತ್ತದೆ. ಮುಳ್ಳನ್ನು ನೋಡಬಾರದು, ಗದ್ದಲದ ಮೇಲೆ ಸಿಗ್ನಲ್ ಎಷ್ಟು ಎದ್ದಿದೆ ಎಂಬುದನ್ನು ಕೇಳಬೇಕು.

ಲೂಪಿಗಿಂತ ಮುಂದೆ ಹೋದದ್ದು ಬೆವರೇಜ್ ಎಂಬ, ಕೇಳುವುದಕ್ಕೆಂದೇ ಇರುವ ಉದ್ದ ತಂತಿಯ ಆಂಟೆನಾ ಮಾತ್ರ. ಸೊಪ್ಪಿನ ಬೆಟ್ಟದಲ್ಲಿ 160 ಮೀಟರ್ ತಂತಿಯನ್ನು ವಾಯುವ್ಯಕ್ಕೆ ಎಳೆದು, ದೂರದ ತುದಿಯನ್ನು 470 ಓಮ್ ರೋಧದ ಮೂಲಕ ನೆಲಕ್ಕೆ ಸೇರಿಸಿದೆ. ವರ್ಟಿಕಲ್‌ಗೆ ಶತ್ರುವಾದ ಜಂಬಿಟ್ಟಿಗೆ ನೆಲ ಇದಕ್ಕೆ ಅನುಕೂಲ, ಏಕೆಂದರೆ ಬೆವರೇಜ್ ಕೆಲಸ ಮಾಡುವುದೇ ಕಳಪೆ ನೆಲದ ಮೇಲೆ ಓಡುವ ಅಲೆ ಮುಂದಕ್ಕೆ ಬಾಗುವುದರಿಂದ. ಯುರೋಪಿನ ದಿಕ್ಕಿನಲ್ಲಿ ಅದರಷ್ಟು ಶಾಂತವಾಗಿ ಕೇಳಿಸುವ ತಂತಿಯನ್ನು ನಾನು ಬಳಸಿಲ್ಲ. ಆದರೆ ಅದು ಒಂದೇ ದಿಕ್ಕಿನದು. ಮೊದಲು ಎರಡು ಮೀಟರ್ ಎತ್ತರದಲ್ಲಿ ಕಟ್ಟಿದ್ದನ್ನು ಕಾಡುಕೋಣಗಳು ಎರಡು ಸಲ ಎಳೆದುಕೊಂಡು ಹೋದವು. ಎರಡೂವರೆಗೆ ಏರಿಸಿದ ಮೇಲೂ ಒಣ ಕೊಂಬೆ ಬಿದ್ದು ತುಂಡಾಗುವುದು ತಪ್ಪಲಿಲ್ಲ. ವಾರಕ್ಕೊಮ್ಮೆ ತಂತಿಯ ಗುಂಟ ನಡೆಯುವ ಮನಸ್ಸಿಲ್ಲದವರು ಲೂಪಿಗೆ ನಿಲ್ಲುವುದು ಲೇಸು.

ಈಗ ಮನೆಯಲ್ಲಿ ಉಳಿದಿರುವುದು ಇನ್ವರ್ಟೆಡ್ ವಿ, ಇನ್ವರ್ಟೆಡ್ ಎಲ್ ಮತ್ತು ಲೂಪ್. ಒಂದೇ ಪ್ರಸಾರದ ಆಂಟೆನಾ ಸಾಧ್ಯವಿರುವವರಿಗೆ ನಾನು ಇನ್ವರ್ಟೆಡ್ ವಿಯನ್ನು ಹೇಳುತ್ತೇನೆ, ಮಿಕ್ಕ ಹಣ ಮತ್ತು ಶ್ರಮವನ್ನು ಎರಡನೆಯ ಪ್ರಸಾರದ ತಂತಿಗೆ ಹಾಕುವುದಕ್ಕಿಂತ ಮೊದಲು ಕೇಳುವ ಲೂಪಿಗೆ ಹಾಕಲು ಹೇಳುತ್ತೇನೆ. ಏಪ್ರಿಲ್ ಮೇ ತಿಂಗಳುಗಳ ಗುಡುಗಿನ ಕಾಲದಲ್ಲಿ ಯಾವ ಆಂಟೆನಾವೂ ಪ್ರಯೋಜನಕ್ಕೆ ಬರುವುದಿಲ್ಲ; ಆಗ ಎಲ್ಲ ಕೇಬಲ್ಲುಗಳನ್ನು ರೇಡಿಯೊದಿಂದ ಬಿಚ್ಚಿ ಮನೆಯ ಹೊರಗೆ, ನೆಲಕ್ಕೆ ಹೂತ ತಾಮ್ರದ ಸರಳಿಗೆ ಸೇರಿಸಿ ಇಡುತ್ತೇನೆ. ರೇಡಿಯೊ ಪಕ್ಕದಲ್ಲೇ ಕೇಬಲ್ ಬಿಚ್ಚಿಟ್ಟರೆ ಸಾಲದು.

160 ಮೀಟರ್ ಬ್ಯಾಂಡಿಗಾಗಿ ಅದೇ ಇನ್ವರ್ಟೆಡ್ ಎಲ್‌ನ ಅಡ್ಡ ತಂತಿಯನ್ನು ಉದ್ದ ಮಾಡಿ ಒಟ್ಟು 40 ಮೀಟರಿಗೆ ತಂದು ನೋಡಿದ್ದೇನೆ. 13 ಮೀಟರಿನ ನೆಟ್ಟ ಭಾಗಕ್ಕೆ ಅಲ್ಲಿ ವಿಕಿರಣ ರೋಧ 10 ಓಮ್ ಬಂದರೆ ಹೆಚ್ಚು, ಹದಿನಾರು ರೇಡಿಯಲ್‌ಗಳಿದ್ದರೂ ಅರ್ಧಕ್ಕಿಂತ ಹೆಚ್ಚು ಶಕ್ತಿ ನೆಲದ ಪಾಲು. ಆದರೂ ಒಂದು ಫೆಬ್ರವರಿಯ ಬೆಳಗಿನ ಜಾವ, ಆರೂವರೆಗೆ ಹತ್ತು ನಿಮಿಷ ಇರುವಾಗ, ಆ ತಂತಿಯಲ್ಲಿ ಕರೆದು ಲೂಪಿನಲ್ಲಿ ಕೇಳಿ ಬಲ್ಗೇರಿಯದ ಒಂದು ಕೇಂದ್ರದೊಂದಿಗೆ ಮೋರ್ಸ್ ಸಂಪರ್ಕ ಮುಗಿಸಿದೆ. ಬರುವ ಚಳಿಗಾಲಕ್ಕೆ ನೆಟ್ಟ ಭಾಗವನ್ನು ಬೈನೆ ಮರದ ತುದಿಯವರೆಗೆ, 18 ಮೀಟರಿಗೆ ಏರಿಸಬೇಕೆಂದು ರಾಟೆ ಹಗ್ಗ ತಂದಿಟ್ಟಿದ್ದೇನೆ.