ಹೊಸ ಮಾದರಿಯ ಚಕ್ರ ಹಳೆಯ ಗಾಡಿಗೆ ‘ನೇರವಾಗಿ ಕೂರುತ್ತದೆ’ ಎಂದರೆ ನಂಬಬೇಡಿ

ಹಳೆಯ ಜೀಪ್ ರಾಂಗ್ಲರ್ ಟಿಜೆ ಇಟ್ಟುಕೊಂಡವರು ಇದನ್ನು ಓದಿ. ಅದಕ್ಕೆ ಅದರ ನಂತರದ ಮಾದರಿಯಾದ ಜೆಕೆಯ ಚಕ್ರ, ದೊಡ್ಡ ಟೈರ್ ಹಾಕಿಸುವ ಯೋಚನೆಯಲ್ಲಿ ಇರುವವರಂತೂ ಮುಂಗಡ ಕೊಡುವ ಮೊದಲೇ ಓದಿ. ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಾನು ಕೊಂಡದ್ದು ಜೆಕೆಯಿಂದ ಬಿಚ್ಚಿದ 17 ಅಂಗುಲದ ಅಲಾಯ್ ಚಕ್ರಗಳು, ಅವುಗಳ ಮೇಲೆ 285/70 ಆರ್17 ಟೈರ್‌ಗಳು. ನೋಡಲು ಚೆನ್ನಾಗಿಯೇ ಇದ್ದವು. ಚಕ್ರಗಳ ಮೇಲೆ ನನಗೆ ಈಗಲೂ ಯಾವ ದೂರೂ ಇಲ್ಲ, ಮಾರಿದವನ ಮೇಲಿದೆ. ನನ್ನದು ಟಿಜೆ, ಅಂದರೆ 1997ರಿಂದ 2006ರವರೆಗೆ ಬಂದ ಮಾದರಿ. ಅದರ ಮೂಲ ಚಕ್ರ 15 ಅಂಗುಲದ್ದು, ಟೈರ್ 225/75. ನಾನು ಕೇಳಿದ ಮೊದಲ ಪ್ರಶ್ನೆಯೇ ‘ಇವು ನನ್ನ ಗಾಡಿಗೆ ಕೂರುತ್ತವೆಯೇ’ ಎಂದು. ‘ಒಂದೇ ಕಂಪನಿ ಸರ್. ಅದಕ್ಕೂ ಐದು ನಟ್, ಇದಕ್ಕೂ ಐದು ನಟ್. ನೇರವಾಗಿ ಕೂರುತ್ತದೆ’ ಎಂದ. ಬೇರೆ ಏನಾದರೂ ಹಾಕಬೇಕಾಗುತ್ತದೆಯೇ ಎಂದು ಮತ್ತೆ ಕೇಳಿದೆ. ‘ಏನೂ ಬೇಡ ಸರ್, ಬಿಚ್ಚುವುದು, ಹಾಕುವುದು, ಅಷ್ಟೇ.’

ಐದು ನಟ್ ಎನ್ನುವುದು ನಿಜ. ಆದರೆ ಟಿಜೆಯ ಐದು ಸ್ಟಡ್‌ಗಳು, ಅಂದರೆ ನಟ್ ಕೂರುವ ಬೋಲ್ಟ್‌ಗಳು, ನಿಂತಿರುವ ವೃತ್ತದ ವ್ಯಾಸ 114.3 ಮಿ.ಮೀ. 2007ರ ಮಾದರಿಯಾಗಿ ಜೆಕೆ ಬಂದಾಗ ಅದು 127 ಮಿ.ಮೀ. ಆಯಿತು. ಸರಿಯಾಗಿ ಅರ್ಧ ಅಂಗುಲ ವ್ಯತ್ಯಾಸ. ನಡುವೆ ಅಡಾಪ್ಟರ್, ಅಂದರೆ ಎರಡು ಅಳತೆಗಳನ್ನು ಹೊಂದಿಸುವ ಬಿಲ್ಲೆ, ಇಲ್ಲದೆ ದೇವರೇ ಬಂದರೂ ಆ ಚಕ್ರ ಆ ಹಬ್ಬಿನ (ಅಚ್ಚಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಕೂರುವುದಿಲ್ಲ. ಚಕ್ರ ಮಾರಿಯೇ ಹೊಟ್ಟೆ ಹೊರೆಯುವವನಿಗೆ ಇದು ತಿಳಿಯದ ವಿಷಯವೇ?

ಸಂಜೆ ಗಾಡಿ ತರಲು ಹೋದಾಗ ನಾಲ್ಕೂ ಚಕ್ರ ಕೂತಿದ್ದವು. ಸ್ಟೆಪ್ನಿ ಮಾತ್ರ ಹಿಂಬಾಗಿಲಿನ ಮೇಲೆ ಇರಲಿಲ್ಲ, ಒಳಗೆ ಹಿಂದಿನ ಸೀಟಿನ ಬೆನ್ನಿಗೆ ಒರಗಿಸಿದ್ದರು. ಏಕೆ ಎಂದೆ. ‘ಹಿಂಬಾಗಿಲಿನ ಸ್ಟ್ಯಾಂಡ್ ಬೇರೆ ಅಳತೆ ಸರ್, ಅದಕ್ಕೂ ಹಬ್ಬಿಗೂ ಸಂಬಂಧವಿಲ್ಲ.’ ಸುಳ್ಳು! ಆ ಸ್ಟ್ಯಾಂಡಿನಲ್ಲಿ ಇರುವುದೂ ಅದೇ 114.3ರ ಅಳತೆ. ಅಲ್ಲಿ ಕೂರದ ಚಕ್ರ ಹಬ್ಬಿನಲ್ಲಿ ಹೇಗೆ ಕೂತಿತು ಎನ್ನುವುದಕ್ಕೆ ಉತ್ತರ ಚಕ್ರದ ಹಿಂದೆ ಅಡಗಿತ್ತು. ಅದನ್ನು ಮುಚ್ಚಲು ಎಷ್ಟು ಸಲೀಸಾಗಿ ಒಂದು ಮಾತು ಹುಟ್ಟಿಸಿದ ನೋಡಿ.

ಮೊದಲ ದಿನದಿಂದಲೇ ಸ್ಟೀರಿಂಗ್ ನಡುಗುತ್ತಿತ್ತು. ನಿಧಾನವಾಗಿ ಹೋದರೆ ಏನೂ ಇಲ್ಲ, ಹೆದ್ದಾರಿಯ ವೇಗಕ್ಕೆ ಬಂದರೆ ಕೈ ಮರಗಟ್ಟುವಷ್ಟು ನಡುಕ. ಹೋಗಿ ಹೇಳಿದೆ. ಹೊಸ ಟೈರ್, ಹೊಂದಿಕೊಳ್ಳಲು ಸಮಯ ಬೇಕು ಎಂದ. ಮತ್ತೆ ಹೋದೆ, ಬ್ಯಾಲೆನ್ಸಿಂಗ್ ಮಾಡಿದ. ಮತ್ತೆ ಹೋದೆ, ಅಲೈನ್‌ಮೆಂಟ್ ಎಂದ, ಅದಕ್ಕೆ ಬೇರೆ ಹಣ ತೆಗೆದುಕೊಂಡ. ಆಮೇಲೆ ‘ಹಳೆಯ ಗಾಡಿ ಸರ್, ಸ್ವಲ್ಪ ನಡುಗುವುದು ಇದ್ದೇ ಇರುತ್ತದೆ’ ಎಂದ. ಹಳೆಯ ಚಕ್ರಗಳಲ್ಲಿ ನಡುಗದ ಗಾಡಿ ಹೊಸ ಚಕ್ರ ಹಾಕಿದ ಕೂಡಲೇ ಮುದಿಯಾಯಿತಂತೆ! ಹೋದಾಗಲೆಲ್ಲ ನನ್ನ ಕಣ್ಣೆದುರಿಗೇ ಸ್ಪ್ಯಾನರ್ ಹಾಕಿ ನಟ್‌ಗಳನ್ನು ಬಿಗಿದು ತೋರಿಸುತ್ತಿದ್ದ. ‘ನೋಡಿ ಸರ್, ಒಂದು ಚೂರೂ ಸಡಿಲವಿಲ್ಲ.’ ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಟೈರ್ ಒಳಗಡೆ ಕೆಳಗಿನ ಕಂಟ್ರೋಲ್ ಆರ್ಮಿಗೆ (ಅಚ್ಚನ್ನು ಚಾಸಿಗೆ ಜೋಡಿಸುವ ಸರಳು) ಉಜ್ಜುತ್ತಿತ್ತು. ಟೈರ್ ಹಳೆಯದಕ್ಕಿಂತ ಅಷ್ಟು ಅಗಲ. ಇದಕ್ಕೆ ಅವನ ಪರಿಹಾರ ಏನು ಗೊತ್ತೇ? ‘ಪೂರ್ತಿ ತಿರುಗಿಸಬೇಡಿ ಸರ್.’ ಬಂಡೆಗಳ ನಡುವೆ, ಕಿರಿದಾದ ಕಾಡುದಾರಿಯಲ್ಲಿ ಓಡಿಸುವ ಗಾಡಿಗೆ ಈ ಉಪದೇಶ! ಕಡೆಗೆ ಹಳ್ಳದಲ್ಲಿ ಒಂದು ಬದಿ ಮೇಲೆದ್ದಾಗ ಟೈರ್ ಅದರ ಮೇಲಿನ ತಗಡಿಗೆ, ಫೆಂಡರಿಗೂ ತಾಗಿತು. ಈ ಅಳತೆಯ ಟೈರ್ ಹಾಕುವವರು ಸಾಮಾನ್ಯವಾಗಿ ಗಾಡಿಯನ್ನು ಮೂರು ನಾಲ್ಕು ಅಂಗುಲ ಎತ್ತರಿಸುತ್ತಾರೆ, ಇಲ್ಲವೇ ಫೆಂಡರ್ ಕತ್ತರಿಸುತ್ತಾರೆ. ಆ ಮಾತನ್ನೂ ಅವನು ಎತ್ತಲೇ ಇಲ್ಲ.

ಸ್ಪೀಡೋಮೀಟರ್ ವಿಷಯವೂ ಇದೆ. ಟೈರಿನ ವ್ಯಾಸ ಸುಮಾರು 718 ಮಿ.ಮೀ.ನಿಂದ 831ಕ್ಕೆ ಏರಿತು. ಮುಳ್ಳು 80 ತೋರಿಸುವಾಗ ಗಾಡಿ 92ರ ಮೇಲೆ ಓಡುತ್ತಿರುತ್ತದೆ. ಟಿಜೆಯಲ್ಲಿ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಅಚ್ಚುಗಳಿಗೆ ಹಂಚುವ ಪೆಟ್ಟಿಗೆ) ಬಳಿ ಇರುವ ಸಣ್ಣ ಸ್ಪೀಡೋಮೀಟರ್ ಗೇರನ್ನು ಹಲ್ಲುಗಳ ಲೆಕ್ಕ ನೋಡಿ ಬದಲಿಸಿದರೆ ಇದು ಸರಿಹೋಗುತ್ತದೆ. ದೊಡ್ಡ ಕೆಲಸವಲ್ಲ. ಹೇಳುವ ಮನಸ್ಸು ಬೇಕಿತ್ತು, ಅಷ್ಟೇ.

ಇವೆಲ್ಲ ಸಣ್ಣವು. ನಿಜವಾದ ಸಂಗತಿ ಬೇರೊಬ್ಬ ಮೆಕ್ಯಾನಿಕ್ ಬಳಿ ಹೊರಬಿತ್ತು. ಅವರು ಮುಂದಿನ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಒಳಗಿನಿಂದ ‘ಟಕ್ ಟಕ್’ ಎಂದು ಸದ್ದು ಬಂತು. ಬೇರಿಂಗ್ ಹೋಗಿರಬೇಕು ಎಂದುಕೊಂಡೆ. ಅವರು ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಸ್ವಲ್ಪ ಹೊತ್ತು ಬಗ್ಗಿ ನೋಡಿ, ‘ಈ ಅಡಾಪ್ಟರ್ ಯಾರು ಹಾಕಿದ್ದು?’ ಎಂದರು.

‘ಯಾವ ಅಡಾಪ್ಟರ್?’ ಎಂದೆ.

ಅವರು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೂ ತಲೆಯೆತ್ತಿ ನನ್ನನ್ನೇ ನೋಡಿದ. ಇಷ್ಟು ವರ್ಷ ಈ ಗಾಡಿಯ ಬಗ್ಗೆ ಊರಿಗೆಲ್ಲ ಪಾಠ ಹೇಳಿಕೊಂಡು ಬಂದವನು ನಾನು. ನನ್ನ ಗಾಡಿಯ ಹಬ್ಬಿಗೆ ಏನು ಅಂಟಿಕೊಂಡಿದೆ ಎಂದು ನನಗೇ ಗೊತ್ತಿಲ್ಲ ಎಂದು ಆ ಹುಡುಗನ ಮುಂದೆ ಒಪ್ಪಿಕೊಳ್ಳಬೇಕಾಯಿತು. ಆ ಕ್ಷಣ ಮರೆಯಲು ಆಗುತ್ತಿಲ್ಲ.

ಚಕ್ರಕ್ಕೂ ಹಬ್ಬಿಗೂ ನಡುವೆ ಒಂದು ಅಂಗುಲ ದಪ್ಪದ ಅಲ್ಯೂಮಿನಿಯಂ ಬಿಲ್ಲೆ. ಅದನ್ನು ಹಬ್ಬಿಗೆ ಬಿಗಿಯುವ ಐದು ನಟ್‌ಗಳು ಒಳಗೆ, ಚಕ್ರವನ್ನು ಬಿಲ್ಲೆಗೆ ಬಿಗಿಯುವ ಐದು ನಟ್‌ಗಳು ಹೊರಗೆ. ಅಂಗಡಿಯವನು ನನ್ನೆದುರು ಬಿಗಿದು ತೋರಿಸುತ್ತಿದ್ದುದು ಹೊರಗಿನವನ್ನು. ಸಡಿಲವಾಗಿದ್ದುದು ಒಳಗಿನವು! ಚಕ್ರ ಬಿಚ್ಚದೆ ಅವು ಕಾಣುವುದೇ ಇಲ್ಲ. ಬುಡ ಅಲ್ಲಾಡುವ ಗೂಟಕ್ಕೆ ಹಗ್ಗ ಬಿಗಿದಂತೆ ಅವನು ಹೊರಗಿನ ನಟ್‌ಗಳನ್ನು ಬಿಗಿಯುತ್ತಲೇ ಇದ್ದ, ನಾನು ಧನ್ಯವಾದ ಹೇಳಿ ಬರುತ್ತಲೇ ಇದ್ದೆ. ಒಳಗಿನ ಒಂದು ನಟ್ ಅನ್ನು ಮೆಕ್ಯಾನಿಕ್ ಬೆರಳಿನಲ್ಲೇ ತಿರುಗಿಸಿ ತೆಗೆದು ನನ್ನ ಅಂಗೈಗೆ ಹಾಕಿದರು. ಇದರ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿದ್ದೇನೆ.

ಬಿಲ್ಲೆಯೂ ಕಳಪೆಯದು. ಒಳ್ಳೆಯ ಅಡಾಪ್ಟರಿನ ನಡುವೆ ಒಂದು ಉಬ್ಬಿದ ಅಂಚು ಇರುತ್ತದೆ. ಟಿಜೆ, ಜೆಕೆ ಎರಡರಲ್ಲೂ ನಡುವಿನ ರಂಧ್ರ 71.5 ಮಿ.ಮೀ. ಆದ್ದರಿಂದ ಆ ಅಂಚಿನ ಮೇಲೆ ಚಕ್ರ ಸರಿಯಾಗಿ ನಡುವಿಗೆ ಬಂದು ಕೂರುತ್ತದೆ. ಇದರಲ್ಲಿ ಅಂಚೇ ಇರಲಿಲ್ಲ. ಚಕ್ರವನ್ನು ನಡುವಿಗೆ ತರುವ ಕೆಲಸವೆಲ್ಲ ನಟ್‌ಗಳ ಮೇಲೆಯೇ ಬಿದ್ದಿತ್ತು. ನಡುಕಕ್ಕೆ ಕಾರಣ ಬೇರೆ ಬೇಕೇ?

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಮುಂದಿನದಕ್ಕೆ. ಟಿಜೆಯ ಸ್ಟಡ್‌ಗಳು ಒಂದು ಅಂಗುಲಕ್ಕಿಂತ ಉದ್ದ, ಬಿಲ್ಲೆಯಿಂದ ಹೊರಕ್ಕೆ ಚಾಚಿ ಚಕ್ರದ ಬೆನ್ನಿಗೆ ತಾಗುತ್ತವೆ. ಅದಕ್ಕೇ ತಿಳಿದವರು ಒಂದೂಕಾಲು ಅಂಗುಲ ಅಥವಾ ಅದಕ್ಕಿಂತ ದಪ್ಪದ ಅಡಾಪ್ಟರ್ ಹಾಕುತ್ತಾರೆ. ಇವನು ಏನು ಮಾಡಿದ್ದ ಗೊತ್ತೇ? ನನ್ನ ಗಾಡಿಯ ಸ್ಟಡ್‌ಗಳ ತುದಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿ ಹಾಕಿದ್ದ. ನನ್ನನ್ನು ಕೇಳದೆ. ನಾಲ್ಕೂ ಹಬ್ಬುಗಳಲ್ಲಿ. ಸ್ಟಡ್ಡಿನ ವ್ಯಾಸದಷ್ಟಾದರೂ ಥ್ರೆಡ್ ನಟ್ಟಿನೊಳಗೆ ಹಿಡಿದಿರಬೇಕು. ಈಗ ಹಳೆಯ ಚಕ್ರ ಹಾಕಿದರೆ ಅಷ್ಟು ಹಿಡಿತವೂ ಸಿಗುವುದಿಲ್ಲ. ಅಂದರೆ ಹಳೆಯ ಚಕ್ರಗಳಿಗೆ ಮರಳಬೇಕಾದರೂ ಇಪ್ಪತ್ತು ಹೊಸ ಸ್ಟಡ್ ಬೇಕು.

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು ‘ಅಡಾಪ್ಟರ್ ಇಲ್ಲವಲ್ಲ ಸರ್’ ಎಂದ. ಚಿತ್ರ ಕಳುಹಿಸಿದೆ. ‘ಓ, ಅದು ಸ್ಪೇಸರ್ ಸರ್, ಎಲ್ಲರೂ ಹಾಕುತ್ತಾರೆ’ ಎಂದ. ನನಗೇಕೆ ಹೇಳಲಿಲ್ಲ ಎಂದರೆ ‘ನೀವು ಕೇಳಲಿಲ್ಲವಲ್ಲ’ ಎಂದ. ಕೇಳಿದ್ದೆ! ಸ್ಟಡ್ ಕತ್ತರಿಸಿದ್ದರ ಬಗ್ಗೆ ಕೇಳಿದಾಗ ಸ್ವಲ್ಪ ಹೊತ್ತು ಮೌನ. ಆಮೇಲೆ ‘ಅದು ಹುಡುಗರ ಕೆಲಸ, ವಿಚಾರಿಸುತ್ತೇನೆ’ ಎಂದ. ಹಣ ವಾಪಸ್ ಕೇಳಿದರೆ ‘ಓಡಿಸಿದ ಟೈರ್ ವಾಪಸ್ ತೆಗೆದುಕೊಳ್ಳುವುದಿಲ್ಲ ಸರ್, ಬೇಕಿದ್ದರೆ ಇನ್ನೊಮ್ಮೆ ಬ್ಯಾಲೆನ್ಸಿಂಗ್ ಉಚಿತವಾಗಿ ಮಾಡಿಕೊಡುತ್ತೇನೆ’ ಎಂದ. ಬ್ಯಾಲೆನ್ಸಿಂಗ್!

ಅಡಾಪ್ಟರ್ ಹಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಡುವೆ ಅಂಚಿರುವ, ಸಾಕಷ್ಟು ದಪ್ಪದ ಅಡಾಪ್ಟರನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ನೂರು ಕಿ.ಮೀ. ಆಸುಪಾಸು ಓಡಿಸಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್‌ಗಳನ್ನು ಮತ್ತೆ ಪರೀಕ್ಷಿಸಿಕೊಂಡು ನೆಮ್ಮದಿಯಾಗಿ ಓಡಿಸುವವರಿದ್ದಾರೆ. ನೀವೂ ಹಾಕಿಸುವುದಾದರೆ ಪಿಸಿಡಿಯ (ಸ್ಟಡ್‌ಗಳು ನಿಂತಿರುವ ವೃತ್ತದ ವ್ಯಾಸ) ಅಳತೆಯನ್ನೂ ಅಡಾಪ್ಟರಿನ ದಪ್ಪವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗಾಡಿ ಬಿಟ್ಟು ಮನೆಗೆ ಹೋಗಬೇಡಿ, ಎದುರಿಗೆ ನಿಂತು ಹಾಕಿಸಿ. ಸ್ಟೆಪ್ನಿ ತನ್ನ ಜಾಗದಲ್ಲಿ ಕೂರುವುದಿಲ್ಲ ಎಂದರೆ ಅಲ್ಲಿಯೇ ಒಂದು ಚಕ್ರ ಬಿಚ್ಚಿಸಿ ನೋಡಿ. ಗ್ರೈಂಡರ್ ಸದ್ದು ಕೇಳಿದರೆ ಓಡಿ ಹೋಗಿ ನಿಲ್ಲಿಸಿ.

ಸದ್ಯ ಗಾಡಿ ಸ್ಟ್ಯಾಂಡ್‌ಗಳ ಮೇಲೆ ನಿಂತಿದೆ. ಮುಂದಿನ ಸ್ಟಡ್‌ಗಳು ಬಂದಿವೆ, ಹಿಂದಿನವು ಬರಬೇಕು. ಚಕ್ರಗಳನ್ನು ಜೆಕೆ ಇರುವ ಯಾರಿಗಾದರೂ ಕೊಡುತ್ತೇನೆ, ಅವರಿಗೆ ಅವು ನೇರವಾಗಿಯೇ ಕೂರುತ್ತವೆ. ಅಡಾಪ್ಟರ್‌ಗಳನ್ನು ಕೇಳಬೇಡಿ, ಯಾರಿಗೂ ಕೊಡುವುದಿಲ್ಲ.